ನಾಲ್ಕೂ ಚಕ್ರಕ್ಕೆ ಡಿಸ್ಕ್ ಹಾಕಿಸಿದರೆ ಹಳೇ ಮಾಸ್ಟರ್ ಸಿಲಿಂಡರ್ ಸಾಕಾ?

ಪ್ರಶ್ನೆ: ನನ್ನ ಹತ್ತಿರ ಹಳೇ ಮಹೀಂದ್ರ ಸಿಜೆ-3ಬಿ ಜೀಪಿದೆ. ನಾಲ್ಕೂ ಡ್ರಮ್ ತೆಗೆಸಿ ಡಿಸ್ಕ್ ಹಾಕಿಸುತ್ತಿದ್ದೇನೆ. ಮಾಸ್ಟರ್ ಸಿಲಿಂಡರ್ ಹೇಗೂ 1 ಇಂಚು ಬೋರಿನದು, ಅದೇ ಇರಲಿ ಬಿಡಿ ಅಂತ ಒಬ್ಬ ಮೆಕ್ಯಾನಿಕ್ ಹೇಳ್ತಾರೆ. ಇನ್ನೂ ದೊಡ್ಡದು ಹಾಕಿ, ಬ್ರೇಕ್ ಜೋರಾಗಿ ಹಿಡಿಯುತ್ತೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?

ಉತ್ತರ: ಇಬ್ಬರದೂ ಬೇಡ. ಮೊದಲು ಒಂದು ಟೇಪು, ಒಂದು ವರ್ನಿಯರ್ ತೆಗೆದುಕೊಂಡು ಜೀಪಿನ ಕೆಳಗೆ ಹೋಗಿ.

ಮಾಸ್ಟರ್ ಸಿಲಿಂಡರ್ ಅಂದರೆ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಕೊಳವೆ, ಬೋರ್ ಅಂದರೆ ಅದರ ಒಳ ಅಗಲ. ದೊಡ್ಡ ಬೋರ್ ಅಂದರೆ ದೊಡ್ಡ ಬ್ರೇಕ್ ಅನ್ನುವ ನಂಬಿಕೆ ತುಂಬಾ ಜನರಿಗಿದೆ. ನಿಜ ಇದರ ಉಲ್ಟಾ. ದನದ ಡಾಕ್ಟರ ಹತ್ತಿರ ಇರುವ ದಪ್ಪ ಸಿರಿಂಜಿಗೂ ನಮಗೆ ಚುಚ್ಚುವ ಸಣ್ಣ ಸಿರಿಂಜಿಗೂ ನೀರು ತುಂಬಿ ಒತ್ತಿ ನೋಡಿ. ಸಣ್ಣದರಲ್ಲಿ ಬೆರಳು ಸ್ವಲ್ಪ ತಾಗಿಸಿದರೂ ನೀರು ದೂರ ಚಿಮ್ಮುತ್ತದೆ, ಆದರೆ ಬೇಗ ಖಾಲಿ. ದಪ್ಪದರಲ್ಲಿ ನೀರು ಜಾಸ್ತಿ, ಒತ್ತಲು ಹೆಬ್ಬೆರಳು ನೋಯುತ್ತದೆ. ಮಾಸ್ಟರ್ ಸಿಲಿಂಡರ್ ಕೂಡ ಇಷ್ಟೇ. ಬೋರ್ ಸಣ್ಣದಾದರೆ ಒತ್ತಡ ಜಾಸ್ತಿ, ಪೆಡಲ್ ಕೆಳಗೆ ಹೋಗುವುದೂ ಜಾಸ್ತಿ. ದೊಡ್ಡದಾದರೆ ಪೆಡಲ್ ಮೇಲೇ ನಿಲ್ಲುತ್ತದೆ, ಆದರೆ ಕಲ್ಲು ಒತ್ತಿದ ಹಾಗೆ.

ಡ್ರಮ್ಮಿನಲ್ಲಿ ಈ ತೊಂದರೆ ಅಷ್ಟು ಕಾಣುತ್ತಿರಲಿಲ್ಲ. ತಿರುಗುವ ಡ್ರಮ್ ಒಂದು ಶೂವನ್ನು (ಒಳಗಿನಿಂದ ಡ್ರಮ್ಮಿಗೆ ಉಜ್ಜಿ ಹಿಡಿಯುವ ಪಟ್ಟಿ) ತಾನೇ ತನ್ನ ಕಡೆಗೆ ಎಳೆದುಕೊಂಡು ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಅಂದರೆ ಅರ್ಧ ಕೆಲಸ ಚಕ್ರವೇ ಮಾಡಿಕೊಡುತ್ತಿತ್ತು. ಡಿಸ್ಕಿನಲ್ಲಿ ಆ ಪುಕ್ಕಟೆ ಸಹಾಯ ಇಲ್ಲ. ಎರಡು ಪ್ಯಾಡು ಡಿಸ್ಕನ್ನು ಎರಡೂ ಕಡೆಯಿಂದ ಹಿಂಡುತ್ತವೆ, ಆ ಬಲವೆಲ್ಲ ನಿಮ್ಮ ಕಾಲಿನಿಂದಲೇ ಬರಬೇಕು.

ಈಗ ಲೆಕ್ಕ. ಪೆಡಲ್ ತಿರುಗುವ ಪಿನ್ನಿನಿಂದ ಕಾಲಿಡುವ ಜಾಗದ ಮಧ್ಯಕ್ಕೆ ಅಳೆಯಿರಿ. ಅದೇ ಪಿನ್ನಿನಿಂದ ಪುಶ್‌ರಾಡ್ (ಪೆಡಲಿನಿಂದ ಸಿಲಿಂಡರಿಗೆ ಒತ್ತುವ ಸರಳು) ಕೂರುವ ಜಾಗಕ್ಕೂ ಅಳೆಯಿರಿ. ಮೊದಲನೆಯದು 12 ಇಂಚು, ಎರಡನೆಯದು 2 ಇಂಚು ಬಂದರೆ ನಿಮ್ಮ ಪೆಡಲ್ ಬಲವನ್ನು 6 ಪಟ್ಟು ಮಾಡುತ್ತದೆ. ಕಾಲಲ್ಲಿ 30 ಕೆಜಿ ಒತ್ತಿದರೆ ಪುಶ್‌ರಾಡಿಗೆ 180 ಕೆಜಿ. ಮುಕ್ಕಾಲು ಇಂಚಿನ ಬೋರಿಗೆ ಇಷ್ಟು ಕೊಟ್ಟರೆ ಚದರ ಸೆಂಟಿಮೀಟರಿಗೆ ಸುಮಾರು 63 ಕೆಜಿ ಒತ್ತಡ ಹುಟ್ಟುತ್ತದೆ. 7/8 ಇಂಚಿಗೆ 46. ನಿಮ್ಮ 1 ಇಂಚಿಗೆ ಬರೀ 35. ಆ 1 ಇಂಚಿನಲ್ಲಿ 63 ಬರಬೇಕೆಂದರೆ ಕಾಲಲ್ಲಿ 53 ಕೆಜಿ ಒತ್ತಬೇಕು, ಒಂದು ಸಿಮೆಂಟ್ ಮೂಟೆಗಿಂತ ಜಾಸ್ತಿ. ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಇದನ್ನು ಮಾಡಿ ನೋಡಿ, ಮನೆ ತಲುಪುವಷ್ಟರಲ್ಲಿ ತೊಡೆ ನಡುಗುತ್ತಿರುತ್ತದೆ.

ಹಾಗಾದರೆ ಮುಕ್ಕಾಲು ಇಂಚೇ ಹಾಕಿಬಿಡೋಣ ಅಲ್ವಾ? ತಡೆಯಿರಿ. ಆಯಿಲ್ ಎಷ್ಟು ಬೇಕು ಅನ್ನುವುದೂ ಇದೆ. ಪ್ಯಾಡುಗಳನ್ನು ಹಿಂಡುವ ಹಿಡಿಗೆ ಕ್ಯಾಲಿಪರ್ ಅನ್ನುತ್ತಾರೆ, ಅದರೊಳಗೆ ಆಯಿಲ್ ತಳ್ಳುವ ಪಿಸ್ಟನ್ ಇರುತ್ತದೆ. ಮುಂದಿನ ಕ್ಯಾಲಿಪರುಗಳ ಪಿಸ್ಟನ್ 54 ಮಿ.ಮೀ., ಹಿಂದಿನವು 38 ಮಿ.ಮೀ. ಅಂದುಕೊಳ್ಳಿ, ಒಂದೊಂದರಲ್ಲೂ ಒಂದೇ ಪಿಸ್ಟನ್. ಪ್ಯಾಡು ಡಿಸ್ಕಿಗೆ ಒತ್ತಿ ಹಿಡಿಯುವಷ್ಟರಲ್ಲಿ ಪಿಸ್ಟನ್ 0.4 ಮಿ.ಮೀ. ಸರಿದರೆ ನಾಲ್ಕೂ ಸೇರಿ ಹತ್ತಿರ ಹತ್ತಿರ 2.7 ಸಿಸಿ ಆಯಿಲ್ ಬೇಕು. ಇಷ್ಟು ಕೊಡಲು ಮುಕ್ಕಾಲು ಇಂಚಿನ ಸಿಲಿಂಡರ್ ಇದ್ದರೆ ಪೆಡಲ್ 58 ಮಿ.ಮೀ. ಇಳಿಯುತ್ತದೆ. 7/8ಕ್ಕೆ 42, 1 ಇಂಚಿಗೆ 32. ಇದರ ಮೇಲೆ ರಬ್ಬರ್ ಹೋಸು ಉಬ್ಬುವುದು, ಪುಶ್‌ರಾಡಿನ ಆಟ, ಒಳಗೆ ಉಳಿದ ಗಾಳಿ. ಪೆಡಲಿಗೆ ಇರುವ ಜಾಗದಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಕೆಯಾಗಬಾರದು ಅನ್ನುವುದು ನನ್ನ ಲೆಕ್ಕ.

ಅದಕ್ಕೇ ಈ ಅಳತೆಯ ಕ್ಯಾಲಿಪರಿಗೆ, ಬೂಸ್ಟರ್ (ಎಂಜಿನ್ನಿನ ವ್ಯಾಕ್ಯೂಮ್ ಬಳಸಿ ಕಾಲಿನ ಬಲ ಹೆಚ್ಚಿಸುವ ಡಬ್ಬ) ಇಲ್ಲದಿದ್ದರೆ, ನಾನು 7/8 ಇಂಚು ಹಾಕುತ್ತೇನೆ. ಕ್ಯಾಲಿಪರ್ ಸಣ್ಣದಾದರೆ ಮುಕ್ಕಾಲು. 1 ಇಂಚು ಬೇಕೇಬೇಕು ಅಂದರೆ ಬೂಸ್ಟರ್ ಕೂರಿಸಿ. ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸಿದ್ದರೆ ಬೂಸ್ಟರ್ ಒಂದನ್ನೇ ತಂದರೆ ಆಗುವುದಿಲ್ಲ. ಡೀಸೆಲ್ ಎಂಜಿನ್ ಪೆಟ್ರೋಲಿನ ಹಾಗೆ ವ್ಯಾಕ್ಯೂಮ್ ಕೊಡುವುದಿಲ್ಲ. ಆಲ್ಟರ್ನೇಟರ್ ಬೆನ್ನಿಗೆ ವ್ಯಾಕ್ಯೂಮ್ ಪಂಪ್ ಇದೆಯಾ ನೋಡಿಕೊಳ್ಳಿ.

ಇನ್ನು ಹಳೇ ಸಿಲಿಂಡರನ್ನೇ ಇಟ್ಟುಕೊಳ್ಳುವ ಮಾತು. ಬೋರಿಗಿಂತ ದೊಡ್ಡ ತಕರಾರು ಅದರ ಹೊಟ್ಟೆಯೊಳಗಿದೆ. ನನ್ನ ಗೆಳೆಯನ ಜೀಪಿನಲ್ಲಿ ಇದನ್ನು ಕಣ್ಣಾರೆ ಕಂಡೆ. ಡಿಸ್ಕ್ ಹಾಕಿಸಿದ ಮಾರನೇ ದಿನ ಮೂಡಿಗೆರೆಯಿಂದ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಇಳಿದಾಗ ಸುಟ್ಟ ವಾಸನೆ. ಮುಂದಿನ ಚಕ್ರದ ಮೇಲೆ ನೀರು ಚಿಮುಕಿಸಿದರೆ ಕಾದ ಕಾವಲಿಯ ಹಾಗೆ ಚುರ್ ಅಂತು. ಚಾರ್ಮಾಡಿ ಇನ್ನೂ ಶುರುವೇ ಆಗಿಲ್ಲ! ಗಾಡಿ ಅಲ್ಲೇ ನಿಂತಿತು, ನಾವು ಬಸ್ಸಿನಲ್ಲಿ ವಾಪಸ್. ಆಮೇಲೆ ಬಿಚ್ಚಿ ನೋಡಿದರೆ ಬೋರಿನ ತುದಿಯಲ್ಲಿ, ಸ್ಪ್ರಿಂಗಿನ ಆಚೆ, ಡ್ರಮ್ಮಿನ ಕಾಲದ ಸಣ್ಣ ವಾಲ್ವ್ ಹಾಗೇ ಕೂತಿತ್ತು. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವುದು ಅದರ ಕೆಲಸ. ಡ್ರಮ್ಮಿನಲ್ಲಿ ಶೂ ಎಳೆಯುವ ಗಟ್ಟಿ ಸ್ಪ್ರಿಂಗ್ ಇರುತ್ತದೆ, ಆ 10 ಲೆಕ್ಕಕ್ಕಿಲ್ಲ. ಕ್ಯಾಲಿಪರಿನಲ್ಲಿ ಪಿಸ್ಟನ್ ಹಿಂದೆ ಸರಿಯುವುದು ರಬ್ಬರ್ ಸೀಲ್ ಕೂದಲೆಳೆಯಷ್ಟು ವಾಪಸ್ ಮಡಿಸಿಕೊಳ್ಳುವುದರಿಂದ. ಅಷ್ಟು ಒತ್ತಡ ಉಳಿದರೆ ಪ್ಯಾಡು ಡಿಸ್ಕನ್ನು ಬಿಡುವುದೇ ಇಲ್ಲ.

ಹಾಗಂತ ಆ ವಾಲ್ವನ್ನು ಪೂರ್ತಿ ತೆಗೆದು ಸುಮ್ನೆ ಇರುವ ಹಾಗೂ ಇಲ್ಲ. ನಿಮ್ಮ ಜೀಪಿನಲ್ಲಿ ಸಿಲಿಂಡರ್ ಇರುವುದು ಕಾಲಡಿ, ಚಾಸಿಯ ಪಕ್ಕ. ಕ್ಯಾಲಿಪರ್ ಅದಕ್ಕಿಂತ ಮೇಲೆ ಕೂತರೆ ಗಾಡಿ ನಿಂತಾಗ ಆಯಿಲ್ ನಿಧಾನ ಹಿಂದಕ್ಕೆ ಇಳಿಯುತ್ತದೆ, ಬೆಳಿಗ್ಗೆ ಮೊದಲ ಸಲ ಒತ್ತಿದಾಗ ಪೆಡಲ್ ಖಾಲಿ. ಅದಕ್ಕೆ ಡಿಸ್ಕಿನ ಪೈಪಿಗೆ ಅಂತಲೇ ಮಾಡಿದ 2 ಪಿಎಸ್‌ಐ ವಾಲ್ವ್ ಹಾಕಬೇಕು. ಸಿಲಿಂಡರನ್ನು ಮೇಲೆ, ಫೈರ್‌ವಾಲಿಗೆ (ಎಂಜಿನ್ನಿಗೂ ಡ್ರೈವರಿಗೂ ನಡುವಿನ ತಗಡಿನ ಗೋಡೆ) ಎತ್ತಿ ಕೂರಿಸಿದರೆ ಅದರ ಗೋಜೇ ಇಲ್ಲ.

ಹಳೆಯದು ಒಂದೇ ಕೋಣೆಯದು, ಅದೂ ಒಂದು ಕಾರಣ. ಒಂದು ಹೋಸು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕದ ಕಾರುಗಳಲ್ಲಿ 1967ರ ಹೊತ್ತಿಗೇ ಎರಡು ಕೋಣೆಯ ಟ್ಯಾಂಡಮ್ ಸಿಲಿಂಡರ್ ಬಂದಾಗಿತ್ತು. ಇಷ್ಟು ಖರ್ಚು ಮಾಡುವಾಗ ಅದನ್ನೇ ಹಾಕಿಸಿ. ಬ್ರೇಕ್ ಆಯಿಲಿನ ಡಬ್ಬಿಯೂ ದೊಡ್ಡದಿರಲಿ. ಪ್ಯಾಡು ಸವೆದಂತೆ ಪಿಸ್ಟನ್ ಹೊರಗೆ ಬಂದು ಅದರ ಹಿಂದೆ ಆಯಿಲ್ ತುಂಬಿಕೊಳ್ಳುತ್ತದೆ, ಡಬ್ಬಿ ಇಳಿಯುತ್ತಾ ಹೋಗುತ್ತದೆ. ಡಿಸ್ಕ್-ಡ್ರಮ್ ಗಾಡಿಯ ಸಿಲಿಂಡರ್ ಗುಜರಿಯಲ್ಲಿ ಸಿಕ್ಕರೆ, ಹಿಂದಿನ ಪೈಪಿನ ಬಾಯಲ್ಲಿ ಆ 10 ಪಿಎಸ್‌ಐ ವಾಲ್ವ್ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ ತನ್ನಿ. ಬೋರ್ ಎಷ್ಟು ಅನ್ನುವುದು ಎಷ್ಟೋ ಸಲ ಬಾಡಿಯ ಮೇಲೇ ಅಚ್ಚಾಗಿರುತ್ತದೆ.

ಕೂರಿಸುವಾಗ ಪುಶ್‌ರಾಡಿಗೂ ಪಿಸ್ಟನ್ನಿಗೂ ನಡುವೆ 1 ಮಿ.ಮೀ.ನಷ್ಟು ಆಟ ಬಿಡಿ. ಇಲ್ಲದಿದ್ದರೆ ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿ, ಬಿಸಿಯಾದಂತೆ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ, ಮತ್ತೆ ಅದೇ ಚುರ್. ಗಾಡಿಗೆ ಹಾಕುವ ಮೊದಲು ಟೇಬಲ್ ಮೇಲೇ ಸಿಲಿಂಡರಿನ ಏರ್ ತೆಗೆಯಿರಿ. ಆಮೇಲೆ ಖಾಲಿ ಮೈದಾನದಲ್ಲಿ ಜೋರಾಗಿ ಒತ್ತಿ ನೋಡಿ. ಮುಂದಿನದಕ್ಕಿಂತ ಮೊದಲು ಹಿಂದಿನ ಚಕ್ರ ಲಾಕ್ ಆದರೆ ಮಾಸ್ಟರ್ ಸಿಲಿಂಡರನ್ನು ಬೈಯಬೇಡಿ, ಹಿಂದಿನ ಪೈಪಿಗೆ ಪ್ರಪೋರ್ಷನಿಂಗ್ ವಾಲ್ವ್ (ಹಿಂದಕ್ಕೆ ಹೋಗುವ ಒತ್ತಡ ಕಡಿಮೆ ಮಾಡುವ ವಾಲ್ವ್) ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗಳ ಬಗ್ಗೆಯೇ ಇದೆ, ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒದಲ್ಲಿ ಕೇಳಿ.

ನೀವು ಹ್ಯಾಂಡ್‌ಬ್ರೇಕ್ ಬಗ್ಗೆ ಕೇಳಿಲ್ಲ. ಹಿಂದಿನ ಡ್ರಮ್ ತೆಗೆದರೆ ಬಹಳ ಗಾಡಿಗಳಲ್ಲಿ ಅದೂ ಜೊತೆಗೇ ಹೋಗುತ್ತದೆ. ನಿಮ್ಮಂಥ ವಿಲ್ಲಿಸ್ (ಮೂಲ ಜೀಪು ಮಾಡಿದ ಅಮೆರಿಕದ ಕಂಪನಿ) ಕಾಲದ ಜೀಪಿನಲ್ಲಿ ಅದು ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಮೇಲಿದೆ. ನಿಮ್ಮದರಲ್ಲಿ ಯಾರೂ ಬಿಚ್ಚಿ ಎಸೆದಿಲ್ಲದಿದ್ದರೆ ಅದಕ್ಕೆ ಕೈ ಹಚ್ಚಬೇಡಿ, ಹಾಗೇ ಇರಲಿ.