ಹಲಸಿನ ಮೇಣದ ಕೈಗೆ ಮೊಬೈಲ್ ಒಗ್ಗದು

ಮಾರ್ಚ್ ಕೊನೆಗೆ ಶಾಲೆ ಮುಚ್ಚಿತೆಂದರೆ ಕಾಸರಗೋಡಿನ ಮಕ್ಕಳಿಗೆ ಮತ್ತೆ ಗಂಟೆ ಕೇಳುವುದು ಜೂನ್‌ನಲ್ಲಿ. ಹಗಲು ಹನ್ನೊಂದರಿಂದ ನಾಲ್ಕರ ತನಕ ಅಂಗಳಕ್ಕೆ ಕಾಲಿಡಲಾಗದ ಸೆಕೆ. ಆ ಐದು ಗಂಟೆಯೇ ಮೊಬೈಲಿನ ಪಾಲು. ಏಪ್ರಿಲ್ ನಡುವಿನ ಬಿಸು ಹಬ್ಬದ ಹೊತ್ತಿಗೇ ಕ್ರಮ ಹಾಕಿಕೊಂಡರೆ ಒಳ್ಳೆಯದು. ಮಳೆಗಾಲಕ್ಕೆ ದೂಡಿದರೆ ಚಾಳಿ ಬೇರುಬಿಟ್ಟಿರುತ್ತದೆ.

ಮೊದಲ ವಾರ ಏನನ್ನೂ ಬದಲಿಸಬೇಡಿ, ಅಳೆಯಿರಿ ಅಷ್ಟೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’, ಐಫೋನಿನಲ್ಲಾದರೆ ‘ಸ್ಕ್ರೀನ್ ಟೈಮ್’. ದಿನಕ್ಕೆ ಒಟ್ಟು ಎಷ್ಟು ಹೊತ್ತು, ಯಾವ ಆ್ಯಪ್‌ಗೆ ಎಷ್ಟು, ಫೋನನ್ನು ಎಷ್ಟು ಸಲ ಎತ್ತಿ ತೆರೆದಿರಿ ಎಲ್ಲ ಅಲ್ಲಿರುತ್ತದೆ. ರಾತ್ರಿ ಮಲಗುವ ಮೊದಲು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಿರಿ, ಮಕ್ಕಳದ್ದು ಮಾತ್ರವಲ್ಲ, ನಿಮ್ಮದೂ. ಗಂಟೆಗಿಂತ ತೆರೆದ ಸಲದ ಲೆಕ್ಕ ಮುಖ್ಯ. ಎರಡು ಗಂಟೆ ಕೂತು ಒಂದು ಸಿನಿಮಾ ನೋಡಿದವರಿಗೂ, ಅದೇ ಎರಡು ಗಂಟೆಯನ್ನು ನೂರು ಸಲ ತೆರೆದು ಮುಚ್ಚಿ ಕಳೆದವರಿಗೂ ಮದ್ದು ಬೇರೆ. ಎರಡನೆಯವರು ಕರೆ ಬಿಟ್ಟು ಉಳಿದೆಲ್ಲ ನೋಟಿಫಿಕೇಶನ್ ತೆಗೆಯಬೇಕು. ವಾಟ್ಸಾಪ್ ಗುಂಪುಗಳನ್ನು ಶಾಶ್ವತವಾಗಿ ಮ್ಯೂಟ್ ಮಾಡಿ ಆರ್ಕೈವ್‌ಗೆ ತಳ್ಳಬೇಕು. ತರಗತಿಯ ಗುಂಪನ್ನು ಸಂಜೆ ಏಳಕ್ಕೆ ಒಮ್ಮೆ ನೋಡಿದರೆ ಸಾಕು.

ಆ್ಯಪ್ ಟೈಮರ್ ಮೇಲೆ ಹೆಚ್ಚು ಭರವಸೆ ಇಡಬೇಡಿ. ಮೂವತ್ತು ನಿಮಿಷಕ್ಕೆ ಯೂಟ್ಯೂಬ್ ನಿಂತರೆ ಅದೇ ಪುಟಕ್ಕೆ ಹೋಗಿ ಟೈಮರನ್ನೇ ಅಳಿಸಬಹುದು, ಇಲ್ಲವೇ ಕ್ರೋಮ್‌ನಲ್ಲಿ ಯೂಟ್ಯೂಬ್ ತೆರೆಯಬಹುದು. ಹತ್ತು ವರ್ಷದ ಮಕ್ಕಳಿಗೂ ಈ ಎರಡೂ ದಾರಿ ಗೊತ್ತು. ಮಕ್ಕಳ ಫೋನಿಗೆ ಗೂಗಲ್‌ನ ‘ಫ್ಯಾಮಿಲಿ ಲಿಂಕ್’ ಗಟ್ಟಿ. ಅದರ ಬೀಗ ಹೆತ್ತವರ ಫೋನಿನಲ್ಲಿರುತ್ತದೆ. ಆದರೆ ನಮ್ಮಲ್ಲಿ ಅದು ಕೆಲಸ ಮಾಡದಿರಲು ಸಾಮಾನ್ಯ ಕಾರಣ ಒಂದೇ: ಅಪ್ಪನ ಹಳೆಯ ಫೋನನ್ನು ಅಪ್ಪನ ಖಾತೆಯ ಸಮೇತ ಮಗುವಿಗೆ ಕೊಟ್ಟಿರುತ್ತಾರೆ. ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಮಗುವಿನ ಹೆಸರಿನಲ್ಲಿ ಪ್ರತ್ಯೇಕ ಗೂಗಲ್ ಖಾತೆ ತೆರೆದು, ಆಮೇಲೆ ಜೋಡಿಸಬೇಕು. ಸಿಮ್ ಹಾಕಬೇಡಿ. ಸಿಮ್ ಇಲ್ಲದ ಫೋನಿಗೆ ವೈಫೈ ಒಂದೇ ಗತಿ, ಅದರ ಸ್ವಿಚ್ ನಿಮ್ಮ ಕೈಯಲ್ಲಿ. ಬೇಸಿಗೆ ಮಳೆಯ ಗುಡುಗಿಗೆ ಹೇಗೂ ಮೋಡೆಮ್ಮಿನ ಪ್ಲಗ್ ಕೀಳುತ್ತೀರಿ. ಗುಡುಗಿಲ್ಲದ ದಿನವೂ ಒಂಬತ್ತಕ್ಕೆ ಕೀಳಿ.

ಬಿಟ್ಟ ಹೊತ್ತಿಗೆ ಏನು ತುಂಬಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಒಂದು ಕೈ ಖಾಲಿ ಉಳಿಯುವ ಕೆಲಸ ಕೊಟ್ಟರೆ ಆ ಕೈಗೆ ಫೋನ್ ಬಂದೇ ಬರುತ್ತದೆ. ಎರಡೂ ಕೈ ಕೊಳೆಯಾಗುವ ಕೆಲಸ ಬೇಕು. ಏಪ್ರಿಲ್‌ನಲ್ಲಿ ಹಲಸಿನ ಹಪ್ಪಳಕ್ಕಿಂತ ಒಳ್ಳೆಯದು ಸಿಗಲಾರದು. ಸೊಳೆ ಬಿಡಿಸಿದ ಕೈಗೆ ಎಣ್ಣೆ ಹಚ್ಚಿದರೂ ಬೆರಳ ಸಂದಿಯಲ್ಲಿ ಮೇಣ ಉಳಿದಿರುತ್ತದೆ, ಆ ಬೆರಳು ತಾಗಿದರೆ ಸ್ಕ್ರೀನ್ ಒರೆಸಿ ಪೂರೈಸದು. ಉಂಡೆ ಕಟ್ಟುವುದು ಒಬ್ಬರು, ಮಣೆಯಲ್ಲಿ ಒತ್ತುವುದು ಇನ್ನೊಬ್ಬರು, ಬಿಸಿಲಿನ ಚಾಪೆಗೆ ಹರಡುವುದು ಮಕ್ಕಳು. ಎರಡು ಗಂಟೆ ಕಳೆದದ್ದೇ ತಿಳಿಯುವುದಿಲ್ಲ. ಗೇರುಬೀಜ ಹೆಕ್ಕುವುದೂ ಆಗುತ್ತದೆ, ಬೆಳಗ್ಗೆ ಏಳರಿಂದ ಒಂಬತ್ತರೊಳಗೆ. ಆ ಹೊತ್ತಿನ ಹೊರಬೆಳಕು ಕಣ್ಣಿಗೂ ಬೇಕಾದದ್ದು: ದಿನಕ್ಕೆ ಸುಮಾರು ಎರಡು ಗಂಟೆ ಹೊರಗಿರುವ ಮಕ್ಕಳಲ್ಲಿ ಸಮೀಪದೃಷ್ಟಿ ಶುರುವಾಗುವ ಸಂಭವ ಕಡಿಮೆ.

ತೀರಾ ಚಿಕ್ಕವರ ವಿಷಯದಲ್ಲಿ ಚೌಕಾಸಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು. ಉಣ್ಣಿಸುವಾಗಿನ ಹಾಡಿನ ವಿಡಿಯೊ ಕೂಡ ಆ ಲೆಕ್ಕದಲ್ಲೇ ಸೇರುತ್ತದೆ.

ಚಾರ್ಜರನ್ನು ಮಲಗುವ ಕೋಣೆಯಿಂದ ಕಿತ್ತು ಚಾವಡಿಯಲ್ಲಿಡಿ, ಎಲ್ಲರದ್ದೂ. ‘ಅಲಾರಾಂ ಬೇಕಲ್ಲ’ ಎಂಬ ತಕರಾರು ಎರಡನೇ ದಿನವೇ ಬರುತ್ತದೆ. ಒಂದು ಸೆಲ್ ಹಾಕುವ ಸಣ್ಣ ಟೈಂಪೀಸ್ ತಂದುಕೊಡಿ. ಬಿಸುವಿನ ಬೆಳಗ್ಗೆ ಕಣ್ಣು ಮುಚ್ಚಿಸಿ, ಎದ್ದ ಕೂಡಲೇ ಮೊದಲು ನೋಡಲೆಂದು ಜೋಡಿಸಿಟ್ಟ ಕಣಿಯ ಮುಂದೆ ತಂದು ನಿಲ್ಲಿಸುವ ಮನೆಗಳಲ್ಲೂ ಮರುದಿನದಿಂದ ದಿಂಬಿನಡಿಯ ಫೋನೇ ಕಣಿ.

ಹಿರಿಯರನ್ನು ಬಿಟ್ಟು ಮಕ್ಕಳಿಗೆ ಮಾತ್ರ ನಿಯಮ ಮಾಡಿದರೆ ಮೂರು ದಿನವೂ ನಿಲ್ಲದು. ಮೇ ಕೊನೆಗೆ ಬರುವ ಪತ್ತನಾಜೆಯ ತನಕ ಯಕ್ಷಗಾನ ಮೇಳಗಳ ತಿರುಗಾಟ, ಜೊತೆಗೆ ಯೂಟ್ಯೂಬಿನಲ್ಲಿ ನೇರಪ್ರಸಾರ. ಅಜ್ಜಂದಿರು ಕತ್ತಲೆಯಲ್ಲಿ ಮುಖದ ಹತ್ತಿರ ಹಿಡಿದು ನೋಡುತ್ತಾರೆ. ಆಟವನ್ನು ದೀಪ ಹಾಕಿ ಟಿವಿಯಲ್ಲಿ ನೋಡಲಿ. ವೇಷ, ಕುಣಿತ ಇಲ್ಲದ ತಾಳಮದ್ದಳೆಗೆ ಕಿವಿ ಸಾಕು, ಬ್ಲೂಟೂತ್ ಸ್ಪೀಕರಿಗೆ ಜೋಡಿಸಿ ಫೋನನ್ನು ಚಾವಡಿಯ ಆಚೆ ತುದಿಗಿಡಿ. ಮತ್ತೆ ಆಟೋಪ್ಲೇ ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಒಂದು ಪ್ರಸಂಗ ಮುಗಿಯುವಾಗ ಇನ್ನೊಂದು ತಾನೇ ಶುರುವಾಗುತ್ತದೆ, ಮಂಗಳ ಹಾಡುವವರೇ ಇರುವುದಿಲ್ಲ.