ಗ್ರಂಥ ಕಳೆದರೂ ಆಜ್ಞೆ ಉಳಿಯಿತು: ಕೊಂಕಣದ ‘ಶನಿವಾರ ತೇಲಿ’ಗಳ ಹಿನ್ನೆಲೆ

ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ, ಅಲಿಬಾಗ್, ಪೇಣ್, ರೋಹಾ ಸುತ್ತಮುತ್ತಲಿನ ಹಳ್ಳಿಗಳಲ್ಲಿ, ಗಾಣದಿಂದ ಎಣ್ಣೆ ತೆಗೆದು ಬದುಕುತ್ತಿದ್ದ ಒಂದು ಸಮುದಾಯವನ್ನು ನೆರೆಹೊರೆಯವರು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದು ಕರೆಯುತ್ತಿದ್ದರು. ಅದೇ ಕಸುಬಿನ ಹಿಂದೂ ಗಾಣಿಗರು ಶಿವನ ವಾರವೆಂದು ಸೋಮವಾರ ಗಾಣ ನಿಲ್ಲಿಸುತ್ತಿದ್ದುದರಿಂದ ಅವರು ‘ಸೋಮವಾರ ತೇಲಿ’ಗಳು, ಇವರು ಶನಿವಾರ ನಿಲ್ಲಿಸುತ್ತಿದ್ದರು. ಸೋಮವಾರ ಬಸವನ ದಿನವೆಂದು ಎತ್ತಿನ ಹೆಗಲಿಗೆ ನೊಗವಿಡದ ಪದ್ಧತಿಯನ್ನು ಬಲ್ಲ ನಮ್ಮ ರೈತರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ಆದರೆ ಶನಿವಾರದ ಬಿಡುವಿನ ಹಿಂದಿದ್ದ ಕಟ್ಟಳೆ ಕೊಂಕಣದ್ದಲ್ಲ. ಅದು ಯೆಹೂದ್ಯರ ಪ್ರವಾದಿ ಮೋಶೆಯ ದಶಾಜ್ಞೆಗಳಲ್ಲಿ ಬರುವ, ವಾರದ ಏಳನೆಯ ದಿನವಾದ ಶನಿವಾರ ಕೆಲಸ ಬಿಡಬೇಕೆಂಬ ಸಬ್ಬತ್ತಿನ ಆಜ್ಞೆ. ತಮ್ಮನ್ನು ಬೆನೆ ಇಸ್ರಾಯೇಲ್, ಅಂದರೆ ಇಸ್ರಾಯೇಲನ ಮಕ್ಕಳು, ಎಂದು ಹೇಳಿಕೊಳ್ಳುತ್ತಿದ್ದ ಈ ಜನರ ಬಳಿ ಆ ಆಜ್ಞೆಯನ್ನು ಬರೆದಿಟ್ಟ ಗ್ರಂಥವಿರಲಿಲ್ಲ; ಅದನ್ನು ಓದಲು ಬೇಕಾದ ಹೀಬ್ರೂ ಭಾಷೆಯೂ ಉಳಿದಿರಲಿಲ್ಲ.

ದೇವರ ಆಜ್ಞೆಗೆ ವಿಧೇಯರಾದವರಿಗೆ ಆತ್ಮಬಲ ದೊರೆಯುತ್ತದೆ ಎಂಬುದು ಉಪದೇಶಗಳಲ್ಲಿ ಮತ್ತೆ ಮತ್ತೆ ಕೇಳುವ ಮಾತು. ಆ ಬಲ ಬರುವುದು ಆಜ್ಞೆಯ ಅರ್ಥವನ್ನು ತಿಳಿದದ್ದರಿಂದಲೋ, ಬಿಡದೆ ನಡೆಸಿಕೊಂಡು ಬಂದದ್ದರಿಂದಲೋ ಎಂದು ಕೇಳಿದರೆ, ಉತ್ತರ ಹುಡುಕಲು ಈ ಸಮುದಾಯದ ಚರಿತ್ರೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ದಶಾಜ್ಞೆಗಳಲ್ಲೊಂದಾಗಿ ಸಬ್ಬತ್ತಿನ ಆಜ್ಞೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಕಾಂಡದಲ್ಲಿ ಅದಕ್ಕೆ ಕೊಟ್ಟ ಕಾರಣ ಸೃಷ್ಟಿಯ ಏಳನೆಯ ದಿನ ದೇವರು ವಿಶ್ರಮಿಸಿದ್ದು. ಧರ್ಮೋಪದೇಶಕಾಂಡದಲ್ಲಿ ಕೊಟ್ಟ ಕಾರಣ ಜನರು ಈಜಿಪ್ಟಿನಲ್ಲಿ ದಾಸರಾಗಿದ್ದದ್ದು. ಮನೆಯ ಯಜಮಾನನ ಜೊತೆಗೆ ದಾಸದಾಸಿಯರು, ಊರಿನಲ್ಲಿರುವ ಪರದೇಶಿ, ಎತ್ತು, ಕತ್ತೆ ಎಲ್ಲಕ್ಕೂ ಅಂದು ಬಿಡುವು. ಕ್ರಿ.ಪೂ. 586ರ ಸುಮಾರಿಗೆ ಬಾಬಿಲೋನಿಯದವರು ಯೆರೂಸಲೇಮಿನ ದೇವಾಲಯವನ್ನು ಕೆಡವಿ ಜನರನ್ನು ಸೆರೆಯೊಯ್ದಾಗ ಈ ಆಜ್ಞೆಯ ತೂಕ ಹೆಚ್ಚಿತು. ಬಲಿಪೀಠವಿಲ್ಲದೆ ಬಲಿ ಅರ್ಪಿಸುವುದು ಸಾಧ್ಯವಿರಲಿಲ್ಲ. ವಾರದ ಒಂದು ದಿನವನ್ನಾದರೋ ಯಾವ ಊರಿನಲ್ಲಿದ್ದರೂ ಆಚರಿಸಬಹುದಿತ್ತು.

ವಿಧೇಯತೆಯ ಬೆಲೆ ಎಷ್ಟೆಂಬುದು ಗೊತ್ತಾದದ್ದು ಕ್ರಿ.ಪೂ. ಎರಡನೆಯ ಶತಮಾನದಲ್ಲಿ. ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕನು ಯೆಹೂದ್ಯರ ಆಚರಣೆಗಳನ್ನು ನಿಷೇಧಿಸಿದಾಗ ಮರುಭೂಮಿಗೆ ಓಡಿಹೋದ ಒಂದು ಗುಂಪು, ಸಬ್ಬತ್ ದಿನ ಸೈನಿಕರು ಮೇಲೆ ಬಿದ್ದರೂ ಒಂದು ಕಲ್ಲನ್ನೂ ಎಸೆಯದೆ, ಹೆಂಗಸರು ಮಕ್ಕಳೆನ್ನದೆ ಸುಮಾರು 1,000 ಮಂದಿ ಸತ್ತರೆಂದು ಮಕ್ಕಬಿಯರ ಮೊದಲನೆಯ ಗ್ರಂಥ ಹೇಳುತ್ತದೆ. ಇದನ್ನು ಕೇಳಿದ ಅರಸನ ವಿರುದ್ಧ ಬಂಡಾಯವೆದ್ದ ಯೆಹೂದ್ಯರ ನಾಯಕ ಮತ್ತಥೀಯನೂ ಅವನ ಸಂಗಡಿಗರೂ ಹೀಗೇ ಆದರೆ ನಾವು ಯಾರೂ ಉಳಿಯುವುದಿಲ್ಲವೆಂದು ಯೋಚಿಸಿ, ಮೇಲೆ ಬಿದ್ದವರನ್ನು ಸಬ್ಬತ್ತಿನಲ್ಲೂ ಎದುರಿಸಬೇಕೆಂದು ತೀರ್ಮಾನಿಸಿದರು. ಮುಂದೆ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಪಂಡಿತರು, ಜೀವ ಉಳಿಸುವುದಕ್ಕಾಗಿ ಸಬ್ಬತ್ತನ್ನು ಮುರಿಯಬಹುದೆಂದು ಸ್ಪಷ್ಟವಾಗಿ ವಿಧಿಸಿದರು. ವಿಧೇಯತೆಯೆಂದರೆ ಕಣ್ಣುಮುಚ್ಚಿ ನಡೆಯುವುದು ಎನ್ನುವವರು ಈ ತೀರ್ಮಾನವನ್ನು ಗಮನಿಸಬೇಕು: ಆಜ್ಞೆಯನ್ನು ಪ್ರಾಣಕ್ಕಿಂತ ಹೆಚ್ಚೆಂದು ಬಗೆದ ಜನರೇ ಅದರ ಮಿತಿಯನ್ನೂ ಗೊತ್ತುಮಾಡಿದರು. ಇದೇ ರಬ್ಬಿಗಳ ಪರಂಪರೆ ದೇವರು ಆಜ್ಞೆಗಳನ್ನು ಕೊಟ್ಟ ಸೀನಾಯ್ ಬೆಟ್ಟದ ಬಳಿ ಜನರಾಡಿದ ‘ಮಾಡುತ್ತೇವೆ, ಕೇಳುತ್ತೇವೆ’ ಎಂಬ ಮಾತಿನಲ್ಲಿ ‘ಮಾಡುವುದು’ ಮೊದಲು ಬಂದದ್ದನ್ನು ವಿಶೇಷವಾಗಿ ಕೊಂಡಾಡಿತು.

ಇನ್ನು ಕೊಂಕಣಕ್ಕೆ ಬರೋಣ. ಹಡಗು ಒಡೆದು ಏಳು ಗಂಡಸರೂ ಏಳು ಹೆಂಗಸರೂ ಅಲಿಬಾಗ್ ಬಳಿಯ ನವಗಾಂವ್ ದಡ ಸೇರಿದರು, ತಂದ ಗ್ರಂಥಗಳೆಲ್ಲ ಸಮುದ್ರದ ಪಾಲಾದವು ಎಂಬುದು ಸಮುದಾಯದ ಐತಿಹ್ಯ. ಅದರ ಕಾಲದ ಬಗ್ಗೆ ಒಮ್ಮತವಿಲ್ಲ. ಲಿಖಿತ ಸಾಕ್ಷ್ಯ ಬಹಳ ತಡವಾಗಿ ಸಿಗುತ್ತದೆ: 1738ರಲ್ಲಿ ಸಾರ್ಟೋರಿಯಸ್ ಎಂಬ ಕ್ರೈಸ್ತ ಮಿಷನರಿ ಬರೆದ ಪತ್ರವೊಂದು, ಈ ಜನರಿಗೆ ಬೈಬಲೂ ತಿಳಿಯದು, ಹೀಬ್ರೂ ಭಾಷೆಯೂ ತಿಳಿಯದು, ‘ಶೆಮಾ’ ಎಂಬ ಪ್ರಾರ್ಥನೆಯೊಂದನ್ನು ಮಾತ್ರ ಬಲ್ಲರು ಎಂದು ದಾಖಲಿಸಿದೆ. ಮನೆಮಾತು ಮರಾಠಿ, ಅಡ್ಡಹೆಸರುಗಳು ಪೇಣ್‌ಕರ್, ರೋಹೇಕರ್ ಎಂದು ಊರಿನವು. ವಿಧವಾ ವಿವಾಹವನ್ನೂ ಗೋಮಾಂಸವನ್ನೂ ನೆರೆಯವರಂತೆಯೇ ದೂರವಿಟ್ಟಿದ್ದರು. ಹೊರಗಿನಿಂದ ನೋಡಿದರೆ ಕೊಂಕಣದ ಇನ್ನೊಂದು ಜಾತಿ, ಅಷ್ಟೆ.

ಆದರೆ ಶನಿವಾರ ಗಾಣ ನಿಲ್ಲುತ್ತಿತ್ತು, ಎಂಟನೆಯ ದಿನ ಗಂಡುಮಗುವಿಗೆ ಸುನ್ನತಿಯಾಗುತ್ತಿತ್ತು. ಹಬ್ಬಗಳ ಹೀಬ್ರೂ ಹೆಸರುಗಳು ಮರೆತುಹೋಗಿ ಅಡುಗೆಮನೆಯ ಮರಾಠಿ ಹೆಸರುಗಳು ಬಂದಿದ್ದವು. ಯೆರೂಸಲೇಮಿನ ದೇವಾಲಯ ಬಿದ್ದದ್ದಕ್ಕೆ ಶೋಕಿಸುವ ದಿನ ‘ಬಿರಡ್ಯಾಚಾ ಸಣ’ವಾಗಿತ್ತು, ಅಂದಿನ ಊಟಕ್ಕೆ ಮೊಳಕೆ ಬರಿಸಿ ಸಿಪ್ಪೆ ಸುಲಿದ ಅವರೆಕಾಳಿನ ಸಾರು. ಪ್ರಾಯಶ್ಚಿತ್ತದ ದಿನ ‘ದಾರ್‌ಫಾಳ್ಣೀಚಾ ಸಣ’, ಬಾಗಿಲು ಮುಚ್ಚುವ ಹಬ್ಬ. ಬಿಳಿ ಬಟ್ಟೆಯುಟ್ಟು, ಉಪವಾಸವಿದ್ದು, ಹೊರಗಿನವರ ಸೋಂಕಿಲ್ಲದೆ ಮನೆಯೊಳಗೇ ಇರುತ್ತಿದ್ದರು. ಡೇವಿಡ್ ರಾಹಬಿ ಎಂಬ ಯೆಹೂದ್ಯ ಇವರನ್ನು ಗುರುತಿಸಿದ ಕಥೆಯೂ ಅಡುಗೆಮನೆಯದೇ. ಅವನು ಹೆಂಗಸರ ಕೈಗೆ ಬಗೆಬಗೆಯ ಮೀನು ಕೊಟ್ಟು ಬೇಯಿಸಲು ಹೇಳಿದನಂತೆ. ಅವರು ಈಜುರೆಕ್ಕೆಯೂ ಹುರುಪೆಯೂ ಇದ್ದ ಮೀನನ್ನು ಮಾತ್ರ ಆರಿಸಿಕೊಂಡು ಉಳಿದದ್ದನ್ನು ಬದಿಗಿಟ್ಟರಂತೆ. ಬೈಬಲಿನ ಯಾಜಕಕಾಂಡದ ವಿಧಿ ಅದೇ. ರಾಹಬಿಯ ಕಾಲವನ್ನು ಐತಿಹ್ಯ ಬಹಳ ಹಿಂದಕ್ಕೆ ಒಯ್ದರೆ, ಅವನು 18ನೇ ಶತಮಾನದ ಕೊಚ್ಚಿಯ ಪ್ರಸಿದ್ಧ ವರ್ತಕ ಮನೆತನದವನೆಂದು ಹಲವು ಇತಿಹಾಸಕಾರರ ಅಭಿಪ್ರಾಯ. ಕಥೆ ನಡೆದದ್ದೇ ಹೌದೋ ಅಲ್ಲವೋ, ಧರ್ಮವನ್ನು ಉಳಿಸಿದ ಶ್ರೇಯಸ್ಸನ್ನು ಅದು ಮೀನು ಆರಿಸುವ ಹೆಂಗಸರಿಗೆ ಕೊಡುತ್ತದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಸಮುದಾಯದ ಮುಂದಿನ ತಿರುವಿನಲ್ಲಿ ಮೈಸೂರಿನ ಹೆಸರು ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸ್ಯಾಮ್ಯುಯೆಲ್ ಎಜೆಕಿಯಲ್ ದಿವೇಕರ್ ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನನ ಸೆರೆಯಾಳಾಗಿದ್ದನು. ಇವನು ಕುರಾನಿನಲ್ಲಿ ಹೆಸರಿಸಿರುವ ಬನೀ ಇಸ್ರಾಯೀಲರವನು ಎಂದು ತಿಳಿದ ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳೆಂದು ಪ್ರತೀತಿ. ಬಿಡುಗಡೆಯಾದ ದಿವೇಕರ್ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗನ್ನು (ಯೆಹೂದ್ಯರ ಪ್ರಾರ್ಥನಾ ಮಂದಿರವನ್ನು) ಕಟ್ಟಿಸಿದನು. ಹೀಬ್ರೂ ಕಲಿಸಲು ಕೊಚ್ಚಿಯಿಂದ ಯೆಹೂದ್ಯರು ಬಂದರು. 19ನೇ ಶತಮಾನದಲ್ಲಿ ಅಮೆರಿಕದ ಮತ್ತು ಸ್ಕಾಟ್ಲೆಂಡಿನ ಮಿಷನರಿಗಳು ಮರಾಠಿ ಬೈಬಲನ್ನೂ ಶಾಲೆಗಳನ್ನೂ ತಂದರು. ಕಳೆದುಹೋದ ಗ್ರಂಥ ಮತಾಂತರದ ಉದ್ದೇಶವಿದ್ದವರ ಕೈಯಿಂದಲೇ ಮರಳಿ ಸಿಕ್ಕಿತು. ಮತಾಂತರವಾದವರು ಮಾತ್ರ ತೀರ ಕಡಿಮೆ. ತಾವು ಅಲ್ಲಿಯವರೆಗೆ ಮಾಡಿಕೊಂಡು ಬಂದದ್ದರ ವಿವರಣೆಯನ್ನು ಅವರು ಆ ಪುಟಗಳಲ್ಲಿ ಓದಿದರು.

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ ಬಹುಪಾಲು ಜನ ಅಲ್ಲಿಗೆ ವಲಸೆ ಹೋದರು. ಅಲ್ಲಿ ಅವರ ಯೆಹೂದ್ಯತ್ವವೇ ಪ್ರಶ್ನೆಗೊಳಗಾಯಿತು. ಬೆನೆ ಇಸ್ರಾಯೇಲರನ್ನು ಇತರ ಯೆಹೂದ್ಯರೊಂದಿಗೆ ಮದುವೆ ಮಾಡಿಸುವ ಮುನ್ನ ತಲೆಮಾರುಗಳ ಹಿಂದಿನ ವಂಶವನ್ನು ವಿಚಾರಿಸಬೇಕೆಂದು 1960ರ ದಶಕದ ಆರಂಭದಲ್ಲಿ ಮುಖ್ಯ ರಬ್ಬಿಗಳ ಮಂಡಳಿ ಸೂಚಿಸಿತು. ಪ್ರತಿಭಟನೆ, ಧರಣಿಗಳ ನಂತರ 1964ರಲ್ಲಿ ಅವರು ಎಲ್ಲ ರೀತಿಯಲ್ಲೂ ಪೂರ್ಣ ಯೆಹೂದ್ಯರೆಂದು ಒಪ್ಪಿಕೊಳ್ಳಲಾಯಿತು. ಆಜ್ಞೆಯನ್ನು ಓದಬಲ್ಲವರು ಅದನ್ನು ನಡೆಸಿದವರಿಂದ ಹುಟ್ಟಿನ ದಾಖಲೆ ಕೇಳಿದ್ದು ವಿಚಿತ್ರವೇ ಸರಿ. ವಂಶದ ಪ್ರಶ್ನೆಯನ್ನು ಮುಂದೆ ತಳಿವಿಜ್ಞಾನಿಗಳೂ ಎತ್ತಿಕೊಂಡರು. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವರಲ್ಲಿ ಯೆಹೂದ್ಯ ಮತ್ತು ಭಾರತೀಯ ಮೂಲಗಳೆರಡೂ ಬೆರೆತಿವೆಯೆಂದು ತಿಳಿಸಿತು.