ಪೋರ್ಟ್ ನಂಬರ್ ಬದಲಾಯಿತೆಂದು ಹಳೆಯ ಗ್ರಾಫ್ ಅಳಿಸಬೇಡಿ

ರೂಟರ್ ರೀಬೂಟ್ ಆಗಿ, ಪೋರ್ಟ್‌ಗಳ ಟ್ರಾಫಿಕ್ ತೋರಿಸುವ ಗ್ರಾಫ್‌ಗಳು ನಿಂತವೆಂದರೆ ಸಾಕು, ಹಳೆಯ ಪೋರ್ಟ್‌ಗಳನ್ನು ಡಿಲೀಟ್ ಮಾಡಿ ಹೊಸದಾಗಿ ಸೇರಿಸುವ ಅವಸರ ಎಲ್ಲ ಕಡೆಯೂ ಇದೆ. ಗ್ರಾಫ್ ನಿಂತಾಗ ಏನೂ ಕಳೆದುಹೋಗಿರುವುದಿಲ್ಲ. ಎರಡು ವರ್ಷದ ದಾಖಲೆ ಹೋಗುವುದು ಡಿಲೀಟ್ ಒತ್ತಿದ ಮೇಲೆ. ದಯವಿಟ್ಟು ಒತ್ತಬೇಡಿ.

ರೂಟರ್ ಪ್ರತಿ ಪೋರ್ಟಿಗೂ ಕೊಡುವ ಸಂಖ್ಯೆ ಐಎಫ್‌ಇಂಡೆಕ್ಸ್. ಗ್ರಾಫ್ ಬರೆಯುವ ತಂತ್ರಾಂಶ ಅದನ್ನು ಹಿಡಿದು ಪೋರ್ಟ್ ಗುರುತಿಸಬಹುದು, ಆದರೆ ಅದು ಪೋರ್ಟಿನ ಹೆಸರಲ್ಲ. 2000ನೇ ಇಸವಿಯ ಆರ್‌ಎಫ್‌ಸಿ 2863 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಕೊಡುವ ಭರವಸೆ ಚಿಕ್ಕದು: ಎಸ್‌ಎನ್‌ಎಂಪಿ (ಸಾಧನದ ಲೆಕ್ಕಗಳನ್ನು ದೂರದಿಂದ ಕೇಳಿ ಪಡೆಯುವ ವಿಧಾನ) ವ್ಯವಸ್ಥೆ ಒಮ್ಮೆ ಶುರುವಾದ ಮೇಲೆ ಮತ್ತೆ ಹೊಸದಾಗಿ ಶುರುವಾಗುವವರೆಗೆ ಆ ಸಂಖ್ಯೆ ಬದಲಾಗಬಾರದು. ರೀಬೂಟ್ ಆದ ಮೇಲಿನ ಮಾತು ಅದರಲ್ಲಿಲ್ಲ. ಬ್ಯಾಂಕಿನ ಟೋಕನ್ ನಂಬರ್ ನೋಡಿ ಯಾರೂ ಖಾತೆ ಪುಸ್ತಕ ಬರೆಯುವುದಿಲ್ಲ. ಇವತ್ತಿನ 3ನೇ ಟೋಕನ್ ನಾಳೆ ಬೇರೆಯವರ ಕೈಯಲ್ಲಿರುತ್ತದೆ.

ಇದನ್ನು ಕೇಳಿ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ನಿಜವಾದ ಅಪಾಯ ಎಲ್ಲಿದೆ ಎಂಬುದು ತಪ್ಪಿಹೋಗುತ್ತದೆ. ಗ್ರಾಫ್ ನಿಂತರೆ ಅದೃಷ್ಟ, ಯಾರಾದರೂ ನೋಡುತ್ತಾರೆ. ಕೆಟ್ಟದ್ದು, ಗ್ರಾಫ್ ನಿಲ್ಲದೆ ಬೇರೆ ಪೋರ್ಟಿನ ಲೆಕ್ಕ ಬರೆಯುತ್ತಾ ಹೋಗುವುದು. ಶಾಖೆಯೊಂದರ ರೂಟರ್‌ನಲ್ಲಿ 3ನೇ ಸಂಖ್ಯೆ 100 ಎಂಬಿಪಿಎಸ್ ಇಂಟರ್ನೆಟ್ ಲಿಂಕಿನದು ಎಂದುಕೊಳ್ಳಿ. ಹೊಸ ಕಾರ್ಡ್ ಹಾಕಿ ರೀಬೂಟ್ ಮಾಡುತ್ತಾರೆ. ಲಿಂಕ್ 7ಕ್ಕೆ ಹೋಗುತ್ತದೆ, 3 ಬ್ಯಾಕಪ್ ಸರ್ವರ್ ಇರುವ ಪೋರ್ಟಿಗೆ ಬರುತ್ತದೆ. ಶೀರ್ಷಿಕೆ ಇನ್ನೂ ‘ಇಂಟರ್ನೆಟ್ ಲಿಂಕ್’, ಕೆಳಗೆ ರಾತ್ರಿ 2 ಗಂಟೆಗೆ 400 ಎಂಬಿಪಿಎಸ್. 100ರ ಲಿಂಕಿನಲ್ಲಿ 400 ಬಂದರೆ ಅನುಮಾನ ಹುಟ್ಟುತ್ತದೆ. 60 ಬಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ತಿಂಗಳ 95ನೇ ಪರ್ಸೆಂಟೈಲ್ ಬಿಲ್ಲಿಂಗ್ ಲೆಕ್ಕವೂ (ಅತಿ ಹೆಚ್ಚಿನ ಶೇ. 5 ಅಳತೆಗಳನ್ನು ಬಿಟ್ಟು ಉಳಿದದ್ದರ ಗರಿಷ್ಠಕ್ಕೆ ಹಣ ಕಟ್ಟುವ ಪದ್ಧತಿ) ಅದರ ಮೇಲೆಯೇ ನಡೆಯುತ್ತಿತ್ತು.

ಹಾಗಾದರೆ ದಾಖಲೆಯನ್ನು ಯಾವುದಕ್ಕೆ ಕಟ್ಟಬೇಕು? ಹೆಚ್ಚಿನ ಕಡೆ ಐಎಫ್‌ನೇಮ್‌ಗೆ, ಅಂದರೆ ಸಾಧನ ಪೋರ್ಟಿಗೆ ಇಟ್ಟ ಹೆಸರಿಗೆ. ಅದರ ಓಐಡಿ (ಎಸ್‌ಎನ್‌ಎಂಪಿಯಲ್ಲಿ ಆ ಮಾಹಿತಿಯ ವಿಳಾಸ) 1.3.6.1.2.1.31.1.1.1.1. ಐಎಫ್‌ಡಿಸ್ಕ್ರ್ (ಸಾಧನವೇ ಕೊಡುವ ಪೋರ್ಟ್ ವಿವರಣೆ) ಕೆಲವು ಅಗ್ಗದ ಸ್ವಿಚ್‌ಗಳಲ್ಲಿ ಎಲ್ಲ ಪೋರ್ಟಿಗೂ ಒಂದೇ ಇರುವುದರಿಂದ ನಂಬುವಂತಿಲ್ಲ. ಐಎಫ್‌ಅಲಿಯಾಸ್ ಮನುಷ್ಯ ಟೈಪ್ ಮಾಡುವ ಪಠ್ಯ. ಯಾರೋ ಕಾಗುಣಿತ ತಿದ್ದಿದರೂ ಸಾಕು, ದಾಖಲೆ ಎರಡು ತುಂಡಾಗುತ್ತದೆ. ಆದರೂ ಅದರಲ್ಲಿ ಸರ್ಕ್ಯೂಟ್ ನಂಬರ್ (ಲಿಂಕ್ ಕೊಟ್ಟ ಕಂಪನಿ ಅದಕ್ಕೆ ಇಟ್ಟ ಗುರುತಿನ ಸಂಖ್ಯೆ) ಬರೆದಿಡಿ. ಸ್ವಿಚ್ ಮಾದರಿಯೇ ಬದಲಾಗಿ ಜಿಐ0/1 ಎಂಬ ಪೋರ್ಟ್ ಹೆಸರು ಜಿಐ1/0/1 ಆದಾಗ ಹೆಸರು ಕೈಕೊಡುತ್ತದೆ. ಆಗ ಯಾವುದು ಯಾವುದೆಂದು ಗುರುತಿಸಲು ಉಳಿಯುವ ಆಧಾರ ಅದೊಂದೇ.

ಗ್ರಾಫ್ ಬರೆಯುವ ತಂತ್ರಾಂಶಗಳಿಗೆ ಬರೋಣ. ಲಿಬ್ರೆಎನ್‌ಎಂಎಸ್‌ನಲ್ಲಿ ಪೋರ್ಟ್ ಅಸೋಸಿಯೇಷನ್ ಮೋಡ್ (ಪೋರ್ಟನ್ನು ಯಾವುದರಿಂದ ಗುರುತಿಸಬೇಕೆಂಬ ಸೆಟ್ಟಿಂಗ್) ಮೊದಲಿಗೆ ಐಎಫ್‌ಇಂಡೆಕ್ಸ್‌ನಲ್ಲಿರುತ್ತದೆ. ಅದನ್ನು ರೀಬೂಟ್‌ಗೆ ಮುಂಚೆ ಐಎಫ್‌ನೇಮ್‌ಗೆ ಬದಲಿಸಬೇಕು, ಅದೂ ಮೊದಲು ಒಂದೇ ಸಾಧನದ ಮೇಲೆ ಪರೀಕ್ಷಿಸಿ. ಜಾಬಿಕ್ಸ್‌ನಲ್ಲಿ ಐಟಂ (ಅಳೆಯುವ ಒಂದೊಂದು ಲೆಕ್ಕ) ಗುರುತಾಗುವುದು ಕೀ ಮೂಲಕ. ಕೀಯೊಳಗೆ ಐಎಫ್‌ನೇಮ್ ಮ್ಯಾಕ್ರೋ (ಬೆಲೆ ತಾನಾಗಿ ತುಂಬಿಕೊಳ್ಳುವ ಜಾಗ), ಓಐಡಿ ಖಾನೆಯಲ್ಲಿ ಇಂಡೆಕ್ಸ್ ಮ್ಯಾಕ್ರೋ ಇದ್ದರೆ ಸಂಖ್ಯೆ ಬದಲಾದಾಗ ಓಐಡಿ ಮಾತ್ರ ಬದಲಾಗುತ್ತದೆ, ಹಳೆಯ ದಾಖಲೆ ಅದೇ ಐಟಂನಲ್ಲಿ ಮುಂದುವರಿಯುತ್ತದೆ. ಕೀಯಲ್ಲೇ ಇಂಡೆಕ್ಸ್ ಇದ್ದರೆ ಹಳೆಯ ಐಟಂ ‘ಕಾಣೆಯಾದದ್ದು’ ಎನಿಸಿಕೊಂಡು, ಡಿಸ್ಕವರಿ ನಿಯಮದಲ್ಲಿರುವ (ಪೋರ್ಟ್‌ಗಳನ್ನು ತಾನೇ ಹುಡುಕುವ ನಿಯಮ) ಅವಧಿ ಮುಗಿದಾಗ ದಾಖಲೆಸಮೇತ ಅಳಿಯುತ್ತದೆ. ಗೊಂದಲ ಬಗೆಹರಿಯುವವರೆಗೆ ಆ ಅವಧಿಯನ್ನು ಹಿಗ್ಗಿಸಿ. ಪ್ರೊಮಿಥಿಯಸ್‌ನಲ್ಲಿ ಐಎಫ್‌ಇಂಡೆಕ್ಸ್ ಲೇಬಲ್ ಆಗಿ ಕೂತಿದ್ದರೆ ಸರಣಿ ತುಂಡಾಗುತ್ತದೆ. ಮೊದಲು ರೇಟ್ (ಸೆಕೆಂಡಿಗೆ ಎಷ್ಟೆಂಬ ಲೆಕ್ಕ) ತೆಗೆದು, ಆಮೇಲೆ ಆ ಲೇಬಲ್ ಬಿಟ್ಟು ಮ್ಯಾಕ್ಸ್ (ಗರಿಷ್ಠ) ತೆಗೆಯಿರಿ. ಸಮ್ (ಮೊತ್ತ) ಬಳಸಿದರೆ ಬದಲಾವಣೆಯ ಹೊತ್ತಿನ ಕೆಲವು ನಿಮಿಷ ಹಳೆಯದೂ ಹೊಸದೂ ಕೂಡಿಕೊಂಡು ಇಲ್ಲದ ಟ್ರಾಫಿಕ್ ಕಾಣಿಸುತ್ತದೆ.

ಸಿಸ್ಕೋ ರೂಟರ್‌ಗಳಲ್ಲಿ ಐಎಫ್‌ಇಂಡೆಕ್ಸ್ ಪರ್ಸಿಸ್ಟ್ ಎಂಬ ಸೆಟ್ಟಿಂಗ್ ಆನ್ ಮಾಡಿ ಕಾನ್ಫಿಗರೇಷನ್ ಸೇವ್ ಮಾಡಿದರೆ ಸಂಖ್ಯೆಗಳು ಎನ್‌ವಿರ್ಯಾಮ್‌ನಲ್ಲಿ (ವಿದ್ಯುತ್ ಹೋದರೂ ಅಳಿಯದ ಮೆಮೊರಿ) ಉಳಿಯುತ್ತವೆ. ಆನ್ ಮಾಡಿ, ಒಳ್ಳೆಯದೇ. ಆದರೆ ಪೆಟ್ಟಿಗೆಯೇ ಕೆಟ್ಟು ಬದಲಿ ಬಂದಾಗ ಆ ಪಟ್ಟಿ ಹಳೆಯ ಪೆಟ್ಟಿಗೆಯ ಜೊತೆಗೇ ಹೋಗಿರುತ್ತದೆ.

ಈಗಾಗಲೇ ತುಂಡಾಗಿದ್ದರೆ, ಆರ್‌ಆರ್‌ಡಿ ಫೈಲ್‌ಗಳಲ್ಲಿ (ಲಿಬ್ರೆಎನ್‌ಎಂಎಸ್‌ನಂಥವು ಗ್ರಾಫಿನ ಅಂಕಿಗಳನ್ನು ಕೂಡಿಡುವ ಫೈಲು) ಸರಿಮಾಡುವ ದಾರಿ ಇದೆ. ಆ ಸಾಧನದ ಪೋಲಿಂಗ್ (ಆಗಾಗ ಅಂಕಿ ಕೇಳುವುದು) ನಿಲ್ಲಿಸಿ. ಅಂಕಿಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಬರೆಯುವ ಆರ್‌ಆರ್‌ಡಿಕ್ಯಾಶ್ಡ್ ಓಡುತ್ತಿದ್ದರೆ ಮೊದಲು ಫ್ಲಶ್ ಮಾಡಿ (ಎಲ್ಲವನ್ನೂ ಫೈಲಿಗೆ ಬರೆಸಿ), ಇಲ್ಲವಾದರೆ ಅದು ಹಿಡಿದಿಟ್ಟ ಅಂಕಿಗಳನ್ನು ಆಮೇಲೆ ತಪ್ಪು ಫೈಲಿಗೆ ಸುರಿಯುತ್ತದೆ. ಹಳೆಯದು, ಹೊಸದು ಎರಡೂ ಫೈಲುಗಳ ಪ್ರತಿ ಇಟ್ಟುಕೊಂಡು, ಹಳೆಯ ಫೈಲಿಗೆ ಹೊಸ ಪೋರ್ಟ್ ಐಡಿಯ ಹೆಸರು ಕೊಡಿ. ಗ್ರಾಫ್ ತುಂಡಾಗಿದ್ದ ನಡುವಿನ ಒಂದೆರಡು ದಿನ ಖಾಲಿ ಕಾಣುತ್ತದೆ. ಎರಡು ವರ್ಷ ಉಳಿಯುತ್ತದಲ್ಲ, ಖಾಲಿ ಇರಲಿ ಬಿಡಿ.

ಅದಕ್ಕೂ ಮೊದಲು ಗರಿಷ್ಠ ಮಿತಿ ನೋಡಿ. ಕೌಂಟರ್ (ಏರುತ್ತಲೇ ಹೋಗುವ ಎಣಿಕೆ) ಮಾದರಿಯ ಆರ್‌ಆರ್‌ಡಿ, ಬೇರೆ ಪೋರ್ಟಿನ ಲೆಕ್ಕ ಬಂದು ಅಂಕಿ ಇಳಿದರೂ, ಕೌಂಟರ್ ತುದಿ ಮುಟ್ಟಿ ಸೊನ್ನೆಯಿಂದ ಸುತ್ತಿ ಬಂದಿದೆಯೆಂದು ತಿಳಿಯುತ್ತದೆ. 64 ಬಿಟ್‌ನಲ್ಲಿ, 300 ಸೆಕೆಂಡ್ ಅಂತರಕ್ಕೆ, ಅದು ಸೆಕೆಂಡಿಗೆ ಸುಮಾರು 6 ಕೋಟಿ ಗಿಗಾಬೈಟ್‌ನ ಒಂದು ಮುಳ್ಳು ಎಬ್ಬಿಸುತ್ತದೆ, ಉಳಿದ ಗ್ರಾಫೆಲ್ಲ ನೆಲಕ್ಕಂಟುತ್ತದೆ. 1 ಗಿಗಾಬಿಟ್ ಪೋರ್ಟಿಗೆ ಮಿತಿ ಸೆಕೆಂಡಿಗೆ 12,50,00,000 ಬೈಟ್ ಎಂದು ಆರ್‌ಆರ್‌ಡಿಟೂಲ್ ಟ್ಯೂನ್‌ನಿಂದ ಕೊಡಿ. ಇದು ಮುಂದಿನ ಅಂಕಿಗಳಿಗೆ ಮಾತ್ರ ಅನ್ವಯ. ಆಗಲೇ ಎದ್ದ ಮುಳ್ಳನ್ನು ಡಂಪ್ (ಫೈಲಿನ ಪಠ್ಯರೂಪ) ತೆಗೆದು ಬೇರೆಯಾಗಿ ಸರಿಪಡಿಸಬೇಕು.

ಮುಂದಿನ ಸಲ ಕಾರ್ಡ್ ಹಾಕುವ ಮುನ್ನ ಇಂಡೆಕ್ಸ್, ಐಎಫ್‌ನೇಮ್, ಐಎಫ್‌ಅಲಿಯಾಸ್ ಈ ಮೂರನ್ನೂ ಎಸ್‌ಎನ್‌ಎಂಪಿವಾಕ್ ಎಂಬ ಕಮಾಂಡ್‌ನಲ್ಲಿ ತೆಗೆದು ದಿನಾಂಕ ಹಾಕಿ ಇಟ್ಟುಕೊಳ್ಳಿ. ರೀಬೂಟ್ ಆದ ಮೇಲೆ ಮತ್ತೊಮ್ಮೆ ತೆಗೆದು ಸಾಲುಸಾಲಾಗಿ ಹೋಲಿಸಿ. ಎರಡು ಸುತ್ತು ಪೋಲಿಂಗ್ ಮುಗಿಯಲಿ, ಆಮೇಲೆ ಟ್ರಾಫಿಕ್ ಜಾಸ್ತಿ ಇರುವ ಒಂದು ಪೋರ್ಟ್ ಹಿಡಿದು, ರೂಟರ್‌ನ ಕಮಾಂಡ್ ಲೈನ್ ಹೇಳುವ ವೇಗವೂ ಗ್ರಾಫಿನ ವೇಗವೂ ಹೊಂದುತ್ತವೆಯೇ ನೋಡಿ.